ಬಳ್ಳಿಸೇತುವೆ ದಾಟಿ ಬಂದೆ, ಕೇಳ್ರಿ

ಇರ್ವಿಂಗ್, ಟೆಕ್ಸಾಸ್
೧೯ ನವೆಂಬರ್ ೨೦೧೭

ಪ್ರೀತಿಯ ಕಲ್ಮೇಶನ ಅಪ್ಪಾಜಿಗೆ, ನಿಂಗವ್ವನ ಶರಣು.

‘ಪ್ರೀತಿಯ’ ಎಂದು ಬರೆದದ್ದಕ್ಕೆ ನಗಬೇಡಿ, ಒಬ್ಬರೇ ಕೂತು ಓದಿ. ಹೇಗಿದ್ದೀರಿ? ಮಂಡಿನೋವು ಇಳಿಯಿತೇ? ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ನಿಮ್ಮ ಪೇರ್‌ಲ್ಯಾಂಡ್‌ನಲ್ಲಿ ಸೆಕೆ ಕಡಿಮೆಯಾಗಿದೆ, ಮೊಮ್ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ ಎಂದು ಕಲ್ಮೇಶ ಹೇಳಿದ. ಇಲ್ಲಿ ಸೌಂದರ್ಯಾಳ ಮಗ ನನ್ನನ್ನು ಮನೆಯ ಸುತ್ತ ಓಡಿಸುತ್ತಾನೆ. ನೀವು ಮಗನ ಮನೆಯಲ್ಲಿ, ನಾನು ಮಗಳ ಮನೆಯಲ್ಲಿ, ಹೀಗೆ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಲೇ ವರ್ಷ ದಾಟಿತು ನೋಡಿ. ಜಪಾನಿಗೆ ಹೋಗಿಬಂದ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿ! ನಾನು ಬಾಯಿ ತೆರೆದರೆ ಮನೆಯೆಲ್ಲ ಕೇಳುತ್ತದೆ, ನೀವು ‘ಹೂಂ, ಚಲೋ ಆತು’ ಎಂದು ಮಗುವಿನ ಕೈಗೆ ಕೊಟ್ಟುಬಿಡುತ್ತೀರಿ. ಇದು ‘ಹೂಂ’ ಎಂದರೆ ಮುಗಿಯುವ ಸುದ್ದಿಯಲ್ಲ.

ಸೌಂದರ್ಯಾಳಿಗೆ ಒಸಾಕಾದಲ್ಲಿ ಆಫೀಸಿನ ಕೆಲಸವಿತ್ತಲ್ಲ, ಮಗುವನ್ನು ಅಳಿಯನ ಹತ್ತಿರ ಬಿಟ್ಟು ನಾವಿಬ್ಬರೇ ಹೋಗಿದ್ದೆವು, ಅದು ಮುಗಿದ ಮೇಲೆ ರಜೆ ಹಾಕಿ ಇಯಾ ಎಂಬ ಕಣಿವೆಗೆ ಕರೆದುಕೊಂಡು ಹೋದಳು. ಸಮುದ್ರದ ಮೇಲಿನ ಸೇತುವೆಯಲ್ಲಿ ರೈಲು, ಆಮೇಲೆ ಬಾಡಿಗೆ ಕಾರು. ಜಪಾನಿನಲ್ಲೂ ನಮ್ಮೂರಿನ ಹಾಗೆ ಎಡಗಡೆ ಓಡಿಸಬೇಕು. ಇಲ್ಲಿ ಡಲ್ಲಾಸಿನ ಕಡೆ ಬಲಗಡೆ ಓಡಿಸಿ ರೂಢಿಯಾದ ನಿಮ್ಮ ಮಗಳು ತಿರುವು ಬಂದಾಗಲೆಲ್ಲ ಇಂಡಿಕೇಟರ್ ಎಂದು ವೈಪರ್ ಹಾಕುತ್ತಿದ್ದಳು. ಬಿಸಿಲಲ್ಲಿ ಗಾಜು ಒರೆಸಿಕೊಳ್ಳುತ್ತಾ ಬೆಟ್ಟ ಹತ್ತಿದೆವು, ನಕ್ಕು ನಕ್ಕು ನನಗೆ ಹೊಟ್ಟೆ ನೋವು. ಒಂದು ಕಡೆ ಬಂಡೆಯ ತುದಿಯಲ್ಲಿ ಉಚ್ಚೆ ಹೊಯ್ಯುವ ಹುಡುಗನ ಮೂರ್ತಿ! ನಮ್ಮ ಓಣಿಯಲ್ಲಿ ಹಾಗೆ ನಿಂತಿದ್ದರೆ ಬೆನ್ನಿಗೆ ಬೀಳುತ್ತಿತ್ತು, ಅಲ್ಲಿ ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬೆಟ್ಟವೆಲ್ಲ ಕುಂಕುಮ ಚೆಲ್ಲಿದಂತೆ ಕೆಂಪೆಲೆ, ಕೆಳಗೆ ಹಚ್ಚ ಹಸಿರು ಹೊಳೆ. ನೀವು ಇದ್ದಿದ್ದರೆ ಕಾರು ನಿಲ್ಲಿಸಿ ನಿಲ್ಲಿಸಿ ನೋಡಿ ನಮ್ಮನ್ನು ಸಾಕುಸಾಕು ಮಾಡುತ್ತಿದ್ದಿರಿ.

ಊಟದ್ದೇ ಪೇಚು. ಅಲ್ಲಿ ಸಾರಿಗೂ ಮೀನಿನ ರಸ ಹಾಕುತ್ತಾರೆ. ಕೆಂಡದ ಮುಂದೆ ಕಡ್ಡಿಗೆ ಚುಚ್ಚಿ ಸುಟ್ಟ ಬಟಾಟೆ, ಬರೀ ಅನ್ನ, ನನ್ನ ಶೇಂಗಾ ಚಟ್ನಿಪುಡಿ. ಅದೇ ಹಬ್ಬದೂಟವಾಯಿತು. ಹೋಟೆಲಿನ ಅಜ್ಜಿ ಚಟ್ನಿಪುಡಿ ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡಳು, ಆದರೂ ಮತ್ತೆ ಕೈಯೊಡ್ಡಿದಳು. ಇನ್ನೊಂದು ಮಾತು, ಕಲ್ಮೇಶನ ಎದುರು ಆಡಬೇಡಿ: ಹೊಳೆಯ ದಂಡೆಯ ಬಿಸಿನೀರಿನ ಬುಗ್ಗೆಗೆ ಸ್ನಾನಕ್ಕೆ ಇಳಿದೆ. ಹೆಂಗಸರೇ ಇರುವ ಕಡೆ ಅನ್ನಿ, ಆದರೆ ಮೈಮೇಲೆ ಒಂದು ಎಳೆ ನೂಲಿರಬಾರದಂತೆ! ‘ಶಿವನೇ’ ಎಂದು ಕಣ್ಣು ಮುಚ್ಚಿ ಇಳಿದವಳು, ಸೌಂದರ್ಯಾ ಸಾಕು ಎಂದರೂ ಏಳಲಿಲ್ಲ.

ಈಗ ಸೇತುವೆ. ಕಾಡುಬಳ್ಳಿ ಹೆಣೆದು ಹೊಳೆಯ ಮೇಲೆ ತೂಗುಬಿಟ್ಟಿದ್ದಾರೆ. ಒಳಗೆ ಉಕ್ಕಿನ ಹಗ್ಗವಿದೆಯಂತೆ, ಕಾಲಿಗೆ ಅದು ಹೇಗೆ ಗೊತ್ತಾಗಬೇಕು? ಹಲಗೆ ಹಲಗೆಯ ನಡುವೆ ಪಾದ ತೂರುವಷ್ಟು ಸಂದು, ಆ ಸಂದಿನಲ್ಲಿ ಹೊಳೆ ಓಡುವುದು ಕಾಣುತ್ತದೆ. ಒಂದೇ ದಿಕ್ಕಿಗೆ ನಡೆಯಬೇಕು, ಹಿಂದೆ ಬರುವಂತಿಲ್ಲ. ಜೋರು ಮಾಡಿ ಹೊರಟವಳು ನಟ್ಟನಡುವೆ ನಿಂತುಬಿಟ್ಟೆ. ಕಾಲು ಏಳಲೊಲ್ಲದು. ಮುಂದೆ ಹೋಗಿದ್ದ ಸೌಂದರ್ಯಾ ‘ಅವ್ವಾ, ಕೆಳಗ ನೋಡಬ್ಯಾಡ, ನನ್ನ ಕಡೆ ನೋಡು’ ಎಂದು ಕೂಗುತ್ತಿದ್ದಳು. ನಾನು ಬಳ್ಳಿಯನ್ನು ಅಪ್ಪಿಕೊಂಡು, ನಾಚಿಕೆಬಿಟ್ಟು ಹೇಳುತ್ತೇನೆ, ನಿಮ್ಮ ಹೆಸರು ಹಿಡಿದು ಕೂಗಿದೆ. ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಲ್ಲಿ ಬರದ ಹೆಸರು, ಗದಿಗೆಪ್ಪಾ ಎಂದು ಜಪಾನಿನ ಹೊಳೆಗೆಲ್ಲ ಕೇಳುವ ಹಾಗೆ!

ಹಿಂದಿನಿಂದ ನಮ್ಮಷ್ಟೇ ವಯಸ್ಸಿನ ಜಪಾನಿ ಗಂಡ ಹೆಂಡತಿ ಬರುತ್ತಿದ್ದರು. ಆಕೆ ಏನೂ ಕೇಳದೆ ನನ್ನ ಸೆರಗಿನ ತುದಿಯನ್ನು ತನ್ನ ಮುಷ್ಟಿಗೆ ಸುತ್ತಿಕೊಂಡಳು. ಆಕೆಯ ಜಾಕೀಟನ್ನು ಆತ ಹಿಡಿದಿದ್ದ. ಹೀಗೆ ಮೂವರೂ ಒಂದೊಂದೇ ಹಲಗೆ ದಾಟಿ ಆಚೆ ದಡ ಸೇರಿದೆವು. ನಾನು ಮಣ್ಣಿನ ಮೇಲೆ ಕೂತು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ. ಆತ ಚಹಾ ಕೊಡಿಸಿದ. ಸೌಂದರ್ಯಾಳ ಫೋನು ಅವರ ಮಾತನ್ನು ಇಂಗ್ಲಿಷ್ ಮಾಡುತ್ತಿತ್ತು, ಅವಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಯಾರನ್ನು ಕೂಗಿದಿರಿ ಎಂದು ಆಕೆ ಕೇಳಿದಳು. ಯಜಮಾನರನ್ನು ಎಂದೆ. ಎಲ್ಲಿದ್ದಾರೆ? ಬೇರೆ ಊರಲ್ಲಿ, ಮಗನ ಮನೆಯಲ್ಲಿ ಎಂದೆ. ಆಕೆ ನನ್ನ ಮುಖ ನೋಡಿ ಮೆಲ್ಲಗೆ ಏನೋ ಅಂದಳು. ಫೋನು ನೋಡಿದ ಸೌಂದರ್ಯಾ ಹೇಳಲು ತಡವರಿಸಿದಳು. ‘ಅವ್ವಾ, ಜಗಳಾ ಆಗೇತೇನು ಅಂತ ಕೇಳಾಕತ್ತಾರ.’

ಇಲ್ಲ ಎಂದು ನಕ್ಕೆ. ನಕ್ಕು ಮುಗಿದ ಮೇಲೆ ಚಹಾದ ಲೋಟ ಕೆಳಗಿಟ್ಟೆ. ಹೌದಲ್ಲ, ನಮಗೆ ಜಗಳವೂ ಆಗಿಲ್ಲ.

ಕಲ್ಮೇಶನಿಗೂ ಸೊಸೆಗೂ ಆಶೀರ್ವಾದ, ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ನಿಂಗವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಇನ್ನು ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಇರುವುದು. ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಲ್ಲಿ, ಎಲ್ಲಿದ್ದರೂ ಜೊತೆಗೆ. ಸೌಂದರ್ಯಾಳಿಗೆ ಹೇಳಿದೆ. ‘ನೀ ಯಾಕ ಮೊದಲ ಹೇಳಲಿಲ್ಲವ್ವಾ’ ಎಂದು ಅತ್ತಳು. ಮಗುವಿಗೆ ಡೇ ಕೇರ್ ನೋಡಿದ್ದಾಳೆ, ಕಲ್ಮೇಶನ ಹತ್ತಿರ ಅವಳೇ ಮಾತಾಡುತ್ತಾಳೆ. ಡಿಸೆಂಬರ್ ಎರಡು, ಶನಿವಾರ, ನಿಮ್ಮೂರ ಪಕ್ಕದ ಹ್ಯೂಸ್ಟನ್‌ಗೆ ಬರುವ ಬಸ್ಸಿಗೆ ನಾನೇ ಟಿಕೆಟ್ ತೆಗೆಸಿದ್ದೇನೆ. ಕಲ್ಮೇಶ ಕಾರು ತರಲಿ. ಆದರೆ ನೀವು ಯಜಮಾನರ ಹಾಗೆ ಮುಂದಿನ ಸೀಟಿನಲ್ಲಿ ಕೂರಬೇಡಿ. ಹಿಂದೆ, ನನ್ನ ಪಕ್ಕಕ್ಕೆ ಬನ್ನಿ.