ಗದ್ದಲದಲ್ಲಿ ಕೇಳಿಸದ ಮಾತು

ಪ್ರೀತಿಯ ಅಕ್ಕ,

ಕೆಮ್ಮು ವಾಸಿಯಾಗಿದೆ, ಚಿಂತಿಸಬೇಡ. ಇಲ್ಲಿ ನಾವೆಲ್ಲ ಒಂದೇ ಮೇಜಿನ ಸುತ್ತ ಕೂತು, ವಿಜ್ಞಾನಿಗಳ ಲೇಖನಗಳನ್ನು ನಮ್ಮ ನಮ್ಮ ಭಾಷೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯುತ್ತೇವೆ. ಇವತ್ತು ಕಿವಿಯ ಬಗ್ಗೆ ಸಂಶೋಧನೆ ಮಾಡುವ ಮೇಡಂ ತಮ್ಮ ತಾಯಿಯನ್ನು ಕರೆತಂದಿದ್ದರು. ಮಗಳ ಲೇಖನ ತಮ್ಮ ಭಾಷೆಯಲ್ಲಿ ಸಿಕ್ಕಿದ್ದು ಆಕೆಗೆ ಇದೇ ಮೊದಲು. ಓದುತ್ತಿದ್ದವರು ತಟ್ಟನೆ ತಲೆಯೆತ್ತಿದರು. ಅವರ ಭಾಷೆ ಬಾರದ ನನಗೆ ಪಕ್ಕದ ಗೆಳತಿ ಅವರ ಮಾತಿನ ಅರ್ಥ ಹೇಳಿದಳು.

“ವಯಸ್ಸಾದವರಿಗೆ ಗದ್ದಲದಲ್ಲಿ ಮಾತು ಕೇಳ್ಸಲ್ವಾ? ಹಾಗಾದ್ರೆ ನಿಮ್ಮಪ್ಪ ಬೇಕಂತ್ಲೇ ಕಿವುಡನ ಹಾಗೆ ಆಡ್ತಿರ್ಲಿಲ್ವೇನೇ?”

“ಇಲ್ಲಮ್ಮ, ನಿಜವಾಗ್ಲೂ ಕೇಳ್ಸಲ್ಲ.”

ಆಕೆ ಕಣ್ಣೊರೆಸಿಕೊಂಡು ಅಲ್ಲೇ ಗಂಡನಿಗೆ ಫೋನ್ ಮಾಡಿದರು. “ರೀ, ಟೀವಿ ಆಫ್ ಮಾಡಿ. ಇನ್ಮೇಲೆ ಎದುರಿಗೆ ಬಂದು ನಿಧಾನವಾಗಿ ಮಾತಾಡ್ತೀನಿ.”

ಅದೇ ಲೇಖನವನ್ನು ಕನ್ನಡದಲ್ಲಿ ಬರೆಯಲು ನಾಳೆ ನಾನು ಶುರುಮಾಡುತ್ತೇನೆ. ಮೊದಲ ಪ್ರತಿ ನಿನಗೇ. ಅಲ್ಲಿಯವರೆಗೆ ಮಾತು ಕೇಳಿಸಿಕೊಳ್ಳಲ್ಲ ಅಂತ ಭಾವನ ಮೇಲೆ ರೇಗಬೇಡ.

ಕಾರ್ಡು ತುಂಬಿತು.
ನಿನ್ನ ತಂಗಿ