ಕರೆಮ್ಮ ಲಾರಿಯಾಗಿ ಹೇಳಿದ ಕಥೆ

ಬಂಡ್ರಿ
೧೭-೨-೨೦೦೮

ಪ್ರೀತಿಯ ಶ್ರೀಲಕ್ಷ್ಮೀ,

ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಶಿವರಾತ್ರಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ತಪ್ಪು ನನ್ನದೇ. ನಾವಿಲ್ಲಿ ಆರೋಗ್ಯ, ಅಂದರೆ ಅದಿರಿನ ಧೂಳಿಗೆ ಕೆಮ್ಮುತ್ತ ಕೆಮ್ಮುತ್ತ ಆರೋಗ್ಯ. ನಮ್ಮ ಮನೆಯವರು ಈಗ ಲಾರಿ ಮಾಲೀಕರೊಬ್ಬರ ಹತ್ತಿರ ಸೂಪರ್‌ವೈಸರ್. ಇರುವ ಮನೆಯೂ ಅವರು ಕೊಟ್ಟದ್ದೇ.

ನಿನ್ನ ಶಾಲೆಯಲ್ಲಿ ಮಾಡಿಸುತ್ತೇನೆಂದು ನೀನು ಬರೆದಿದ್ದ ಪಾಠವನ್ನು ನನ್ನ ಮೂರನೇ ತರಗತಿಯಲ್ಲಿ ಮಾಡಿದೆ. ನಡೆದದ್ದು ಒಂದೇ, ಆದರೆ ಬೇರೆಯವರಾಗಿಯೋ ಯಾವುದಾದರೂ ವಸ್ತುವಾಗಿಯೋ ನಿಂತು ಹೇಳಬೇಕು. ಮೊದಲು ಬಿಸಿಯೂಟದ ಸಾರು ಚೆಲ್ಲಿದ ಕಥೆ ಕೊಟ್ಟೆ. ಜಡೆಪ್ಪ ಸೌಟಾಗಿ ಎದ್ದು ನಿಂತು, "ನಂದೇನು ತಪ್ಪಿಲ್ರಿ ಟೀಚರ್, ವಿರುಪಮ್ಮನ ಕೈ ನಡುಗ್ತಿತ್ತು" ಅಂದ. ಅಡುಗೆಯ ವಿರುಪಮ್ಮ ಬಾಗಿಲಲ್ಲೇ ಇದ್ದಳು. ಎರಡು ದಿನ ಅವನ ತಟ್ಟೆಗೆ ಬರೀ ತಿಳಿಸಾರು.

ಆಮೇಲೆ ಕರೆಮ್ಮ ಎದ್ದಳು. ಎಂಟು ವರ್ಷದವಳು. ಇವಳ ತಾಯಿ ಕೊಟ್ರಮ್ಮ ಡಿಸೆಂಬರಿನಲ್ಲಿ ಊರ ಹೊರಗಿನ ತಿರುವಿನಲ್ಲಿ ಅದಿರಿನ ಲಾರಿಗೆ ಸಿಕ್ಕಿ ತೀರಿಕೊಂಡಳು. ಜೊತೆಯಲ್ಲೇ ನಡೆಯುತ್ತಿದ್ದ ಈ ಮಗು ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಹೆಂಗಸೇ ಅಡ್ಡ ಓಡಿಬಂದಳು ಎಂದು ಡ್ರೈವರ್ ಹೇಳಿದ್ದ, ಪೊಲೀಸರು ಅಷ್ಟನ್ನೇ ಬರೆದುಕೊಂಡಿದ್ದರು.

"ನಾನು ಲಾರಿ," ಅಂದಳು. "ಮೈಮ್ಯಾಲ ಭಾಳ ಭಾರ ಐತಿ. ಆಕಿ ರೋಡಿನ ಬಾಜು ನಡಕೊಂತ ಹೊಂಟಿದ್ಲು. ನಾನ ಹೋಗಿ ಬಡದೆ. ಆಕಿ ಬಿದ್ಲು, ಕೈ ಅಲ್ಲಾಡಿಸ್ತಿದ್ಲು. ಆಮ್ಯಾಲ ನಾ ಹಿಂದಕ್ಕ ಬಂದೆ. ಮತ್ತ ಮುಂದಕ್ಕ ಹೋದೆ. ಆಕಿ ಕೈ ಅಲ್ಲಾಡಿಸ್ಲಿಲ್ಲ."

ನಾನು ಅವಳನ್ನು ಅಪ್ಪಿಕೊಂಡೆ. ಅಷ್ಟೇ ಮಾಡಿದ್ದು.

ಮಕ್ಕಳ ಬಾಯಿಂದ ಸುದ್ದಿ ಅವಳ ಅಜ್ಜ ಪಕೀರಪ್ಪನಿಗೆ ಮುಟ್ಟಿತು. ಮುದುಕ ಅವಳನ್ನು ಕರಕೊಂಡು ಠಾಣೆಗೆ ಹೋದ. ಅವಳ ಮಾತು ದಾಖಲಾದರೆ ಕೊಟ್ರಮ್ಮನ ಸಾವು ಅಪಘಾತವಲ್ಲ, ಕೊಲೆ. ಆದರೆ ಅಲ್ಲೂ ಅವಳು "ನಾನು ಲಾರಿ" ಎಂದೇ ಶುರುಮಾಡಿದಳಂತೆ. "ನಾನು ಕರೆಮ್ಮ, ನಾ ಕಂಡೀನಿ ಅನ್ನವ್ವ" ಎಂದು ಅಜ್ಜ ಎಷ್ಟು ಬೇಡಿಕೊಂಡರೂ ಆಗಲಿಲ್ಲ. ಅದನ್ನು ಹೇಳಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ, ಕಲಿಸಿದವಳು ನಾನು. ನನ್ನನ್ನು ಕರೆಸಿದರು.

"ಇದು ಕಂಡದ್ದೇನ್ರಿ ಟೀಚರ್, ಕಟ್ಟಿ ಹೇಳಿದ್ದೇನ್ರಿ?" ಎಂದರು ಎಸ್ಸೈ. ಪಕ್ಕದ ಕುರ್ಚಿಯಲ್ಲಿ ಆ ಲಾರಿಯ ಮಾಲೀಕರು ಕೂತಿದ್ದರು. ನಮ್ಮ ಮನೆಯವರ ಮಾಲೀಕರೇ ಅವರು. ನನಗೆ ಹೆದರಿಕೆಯಾಯಿತು ಶ್ರೀ, ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ, ಇನ್ನೂ ಏನೇನೋ.

"ಬೇರೆಯವರಾಗಿ ಕಲ್ಪಿಸಿಕೊಂಡು ಹೇಳೋದನ್ನ ಕ್ಲಾಸಿನಾಗ ನಾನ ಕಲಿಸೀನ್ರಿ ಸರ್" ಅಂದೆ. ಸುಳ್ಳಲ್ಲ ನೋಡು. ಅದನ್ನೇ ಬರೆದು ಮುಂದಿಟ್ಟರು, ಸಹಿ ಹಾಕಿದೆ.

ಹೊರಗೆ ಪಕೀರಪ್ಪ ನನ್ನನ್ನು ಬೈಯಲಿಲ್ಲ. "ನಮ್ಮ ಹುಡುಗಿ ಸುಳ್ಳು ಹೇಳಾಕಿ ಅಲ್ರಿ ಟೀಚರಮ್ಮ" ಅಂದ, ಅಷ್ಟೇ. ಆ ವಾರವೇ ಅವಳನ್ನು ಕಂಪ್ಲಿಯಲ್ಲಿರುವ ಚಿಕ್ಕಮ್ಮನ ಮನೆಗೆ ಬಿಟ್ಟು ಬಂದ. ಮತ್ತೆ ಮಾತು ನಿಂತಿದೆಯಂತೆ.

ನೀನು ಆ ಪಾಠ ಬಿಡಬೇಡ, ಅದರದೇನೂ ತಪ್ಪಿಲ್ಲ. ನಿನ್ನ ಪುಟ್ಟ ಮಗಳು ಅರ್ಚಿತಾ ಮಾತು ಕಲಿಯುತ್ತಿದ್ದಾಳೆ ಅಂದೆಯಲ್ಲ, ಕಲಿಯಲಿ, ನೂರು ವರ್ಷ ಗಟ್ಟಿಯಾಗಿ ಮಾತಾಡಲಿ. ಅತ್ತೆಮಾವಂದಿರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಗಂಗಾಂಬಿಕಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕೊಟ್ರಮ್ಮ ಸತ್ತ ದಿನ ನಾನು ಅದೇ ತಿರುವಿನಲ್ಲಿ ಸಂಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಲಾರಿ ಹಿಂದಕ್ಕೆ ಬಂದದ್ದನ್ನು ನಾನೂ ನೋಡಿದೆ. ನಾನಲ್ಲಿದ್ದುದು ಕರೆಮ್ಮನಿಗೆ ಗೊತ್ತು. ಎಸ್ಸೈ ನನ್ನನ್ನು ಕೇಳಿದಾಗ, ಇನ್ನು ಟೀಚರ್ ಹೇಳುತ್ತಾರೆ ಎಂದು ಅವಳು ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು.