ನಕುಲನ ಸ್ನೋ ಟೈರುಗಳು

ಪ್ಲೇನ್ಸ್‌ಬರೋ

ಫರಾಜನಿಗೆ ನಕುಲನ ಅಪ್ಪನ ಆಶೀರ್ವಾದ.

ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಕುಲನ ವೈಕುಂಠ ಸಮಾರಾಧನೆಯ ದಿನ ಹಿಮದ ರಸ್ತೆಗೆಂದು ಅವನಿಟ್ಟಿದ್ದ ಸ್ನೋ ಟೈರುಗಳನ್ನು ಚಕ್ರಸಮೇತ ಅವನ ಗೆಳೆಯನಾದ ನಿನಗೆ ಕೊಟ್ಟೆ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಮರಳಿ ಕೇಳಬಾರದು, ಗೊತ್ತು.

ಅವನ ಕಾರನ್ನು ಈಗ ಸೊಸೆ ಲಾಸ್ಯಾ ಕ್ರ್ಯಾನ್‌ಬರಿ ಊರಿನ ಕೆಲಸಕ್ಕೆ ಒಯ್ಯುತ್ತಾಳೆ. ಹಿಮ ಬೀಳುವ ಮೊದಲೇ ಆಗಲೆಂದು ಸ್ನೋ ಟೈರು ಹಾಕಿದ ಬೇರೆ ಚಕ್ರಗಳನ್ನು ತಂದೆ. ಬೋಲ್ಟಿನ ತೂತುಗಳು ಕೂಡಿದರೆ ಸಾಕೆಂದುಕೊಂಡಿದ್ದೆ. ಈ ಕಾರಿನ ಬ್ರೇಕು ದೊಡ್ಡದಂತೆ. ಚಕ್ರ ಒಳಗೆ ತಗುಲಿ ತಿರುಗಲೇ ಇಲ್ಲ. ಗ್ಯಾರೇಜಿನವನು ನಕ್ಕ. ಲಾಸ್ಯಾ ನಗಲಿಲ್ಲ. "ಹೋಗ್ಲಿ ಬಿಡಿ ಮಾವ, ನಿಧಾನಕ್ಕೆ ಡ್ರೈವ್ ಮಾಡ್ತೀನಿ" ಎಂದಳು.

ಸಮಾರಾಧನೆಯ ದಿನವೇ ಅವಳು, "ಮಾವ, ಅವನ್ನ ಕೊಡ್ಬೇಡಿ, ಇರ್ಲಿ" ಎಂದು ಬೇಡಿಕೊಂಡಿದ್ದಳು. ಮಗನ ವಸ್ತು ಕಣ್ಣೆದುರು ಇರಬಾರದೆಂದು ನಾನು ಕೇಳಿಸದವನಂತೆ ನಿನ್ನ ಡಿಕ್ಕಿಗೆ ಎತ್ತಿಟ್ಟೆ.

ನೀನು ಕೆಲಸಕ್ಕೆ ಕಾರು ಬಿಟ್ಟು ಟ್ರೇನಿನಲ್ಲೇ ಓಡಾಡುತ್ತೀಯೆಂದು ಧೈರ್ಯ ಮಾಡಿ ಕೇಳುತ್ತಿದ್ದೇನೆ. ಈ ಚಳಿಗಾಲಕ್ಕೆ ಅವನ್ನು ಕೊಡುತ್ತೀಯಾ? ಹೋಬೋಕನ್ನಿನ ನಿನ್ನ ಮನೆಗೆ ನಾನೇ ಬರುತ್ತೇನೆ.

ಲಾಸ್ಯಾ ಕೇಳಿದರೆ ನೀನಾಗಿ ಕೊಟ್ಟೆ ಎನ್ನಬೇಡ. ಮಾವ ಬಂದು ಕೇಳಿದರು ಎಂದೇ ಹೇಳು.

ಇಂತು,
ಬದರಿ